ಮೇಡಂ ಹೊರಡುವ ರೀತಿ

ಹೋದ ತಿಂಗಳು ನಮ್ಮ ಕಾಲೇಜಿನ ಹಳೆಯ ಸೂಪರಿಂಟೆಂಡೆಂಟ್ ಮೇಡಂ ತೀರಿಕೊಂಡರು. ಸ್ಟಾಫ್ ರೂಮಿನಲ್ಲಿ ಸಂತಾಪ ಸಭೆ ಇಟ್ಟಿದ್ದರು. ಅವರ ಕುರ್ಚಿಯಲ್ಲಿ ಈಗ ಕೂರುವವನು ನಾನೇ ಆದ್ದರಿಂದ ನಾಲ್ಕು ಮಾತಾಡಲು ನನ್ನನ್ನೇ ಎಬ್ಬಿಸಿದರು. ನಾನು ಎದ್ದು ನಿಂತು ನಾಯಿಯ ವಿಷಯದಿಂದ ಶುರುಮಾಡಿದೆ. ಮುಂದಿನ ಸಾಲಿನಲ್ಲಿ ಇಬ್ಬರು ನಕ್ಕರು. ಪ್ರಿನ್ಸಿಪಾಲರು ಕೆಮ್ಮಿದರು. ನಾನು ಅಷ್ಟಕ್ಕೇ ಮಾತು ಮುಗಿಸಿ, ಎರಡು ನಿಮಿಷ ಮೌನ ಆಚರಿಸೋಣ ಎಂದು ಹೇಳಿ ಕೂತುಬಿಟ್ಟೆ. ಆದರೆ ಮೇಡಂ ಬಗ್ಗೆ ಸರಿಯಾಗಿ ಹೇಳಬೇಕೆಂದರೆ ನಾಯಿಯನ್ನು ಬಿಟ್ಟು ಹೇಳಲು ಆಗುವುದಿಲ್ಲ. ಸಭೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಗುವವರು ನಗಲಿ.

ಅವರು ದಿನಾ ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಬರುತ್ತಿದ್ದರು. ಹುಟ್ಟಿದ್ದು ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿಯಲ್ಲಿ, ಒಕ್ಕಲುತನದ ಮನೆ. ಮದುವೆಯಾಗಿರಲಿಲ್ಲ, ಯಾಕೆ ಆಗಲಿಲ್ಲ ಎಂದು ಕೇಳುವ ಗುಂಡಿಗೆ ನಮ್ಮ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. ಎತ್ತರದ ಆಳು. ಹಣೆ ತುಂಬ ವಿಭೂತಿ, ಕೈಯಲ್ಲಿ ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ, ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಕಪ್ಪು ಕೊಡೆ. ಯಾರಿಗಾದರೂ 'ಆಗುವುದಿಲ್ಲ' ಎನ್ನಬೇಕಾದರೆ ಮೊದಲು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಅವರ ಕೈ ಕನ್ನಡಕಕ್ಕೆ ಹೋದ ಕೂಡಲೇ ಎದುರಿಗೆ ನಿಂತವರು ತಮ್ಮ ಅರ್ಜಿಯನ್ನು ತಾವೇ ಮಡಚಿಕೊಂಡು ಹೊರಡುತ್ತಿದ್ದರು. ಬಸ್ಸಿನಲ್ಲಿ ಕಾಲೇಜಿನವರು ಯಾರಾದರೂ ಸಿಕ್ಕಿ ಕೆಲಸದ ಮಾತು ತೆಗೆದರೆ, ನಡುದಾರಿಯ ಬಾತಿ ಊರು ದಾಟಲಿ, ಆಮೇಲೆ ಮಾತಾಡೋಣ ಎನ್ನುತ್ತಿದ್ದರಂತೆ. ಬಾತಿಯಿಂದ ಆಚೆ ಅವರ ಬದುಕು, ಈಚೆ ಕಾಲೇಜಿನದು.

ನಾನು ಕೆಲಸಕ್ಕೆ ಸೇರಿದ ದಿನ ಅವರು ಹೇಳಿಕೊಟ್ಟ ಮೊದಲ ಪಾಠ, ರಿಜಿಸ್ಟರಿನಲ್ಲಿ ಯಾವ ಕಾಲಮ್ಮನ್ನೂ ಖಾಲಿ ಬಿಡಬಾರದು ಎಂಬುದು. ಬರೆಯಲು ಏನೂ ಇಲ್ಲದಿದ್ದರೆ ಒಂದು ಗೆರೆ ಎಳೆ. ಗೆರೆ ಎಳೆದರೆ ಅಲ್ಲಿ ಏನೂ ಇಲ್ಲ ಎಂದು ನಾಳೆ ಬಂದವನಿಗೂ ತಿಳಿಯುತ್ತದೆ. ಖಾಲಿ ಬಿಟ್ಟರೆ ಇನ್ನೂ ಏನೋ ಬರುವುದಿದೆ ಎಂದು ಅವನು ಕಾಯುತ್ತಾ ಕೂರುತ್ತಾನೆ. ಮೂವತ್ತು ಚಿಲ್ಲರೆ ವರ್ಷದ ಅವರ ರಿಜಿಸ್ಟರುಗಳನ್ನು ನಾನು ತಿರುವಿ ಹಾಕಿದ್ದೇನೆ. ಒಂದೇ ಒಂದು ಖಾಲಿ ಕಾಲಂ ಇಲ್ಲ.

ನನ್ನ ಕಥೆ ಬೇರೆ. ಆಗ ನನಗೆ ಮೂವತ್ತೈದು ದಾಟಿತ್ತು, ಮೀಸೆ ಇತ್ತು, ಇಬ್ಬರು ಮಕ್ಕಳಿದ್ದರು. ಆದರೂ ಲಕೋಟೆಯ ಮೇಲೆ ವಿಳಾಸ ಬರೆದರೆ ಅಂಟು ಹಚ್ಚುವ ಮೊದಲು ಮೇಡಂಗೆ ತೋರಿಸಿಕೊಂಡು ಬರುತ್ತಿದ್ದೆ. ನನ್ನ ಮೇಜಿನಿಂದ ಅವರ ಮೇಜಿಗೆ ಹದಿನಾರು ಹೆಜ್ಜೆ. ಆ ಹದಿನಾರು ಹೆಜ್ಜೆಯ ಉದ್ದಕ್ಕೂ ನೆಲದ ಹಾಸುಗಲ್ಲು ನುಣ್ಣಗಾಗಿದ್ದರೆ ಅದು ನನ್ನಿಂದಲೇ. ಅವರು ಬೈಯುತ್ತಿರಲಿಲ್ಲ. ಕಾಗದ ನೋಡಿ "ಸರಿ ಐತೆ" ಎನ್ನುತ್ತಿದ್ದರು. ಆ ಎರಡು ಶಬ್ದ ಕಿವಿಗೆ ಬೀಳದೆ ನನ್ನ ಕೈಯಿಂದ ಒಂದು ಚೀಟಿಯೂ ಹೊರಗೆ ಹೋಗುತ್ತಿರಲಿಲ್ಲ. ಅವರು ನಿವೃತ್ತರಾದ ಮೇಲೆ ಆ ಕುರ್ಚಿ ನನಗೇ ಎಂದು ಎಲ್ಲರಿಗೂ ಗೊತ್ತಿತ್ತು. ಉಳಿದವರು ಅದನ್ನು ಅದೃಷ್ಟ ಎನ್ನುತ್ತಿದ್ದರು. ನನಗೆ ಅನ್ನಿಸುತ್ತಿದ್ದುದೇ ಬೇರೆ. ಹೆದರಿಕೆ, ಅಷ್ಟೇ, ಬೇರೆ ಹೆಸರು ಅದಕ್ಕಿಲ್ಲ.

ಈಗ ನಾಯಿಗೆ ಬರೋಣ. ಹೆಸರು ಕೆಂಚ. ಮೇಡಂ ಅವರ ತಾಯಿ ಅದನ್ನು ಮರಿಯಿದ್ದಾಗ ಗಟಾರದ ಬದಿಯಿಂದ ಎತ್ತಿ ತಂದು ಸಾಕಿದ್ದರು. ವಯಸ್ಸಾದ ಅಜ್ಜಿ, ಮನೆ ಬಿಟ್ಟು ಎಲ್ಲಿಗೂ ಹೋಗುವವರಲ್ಲ. ಹೀಗಾಗಿ ಆ ನಾಯಿಗೆ ನಾಲ್ಕು ವರ್ಷದಲ್ಲಿ ಒಂದು ಗಳಿಗೆಯೂ ಒಂಟಿಯಾಗಿದ್ದು ಗೊತ್ತಿರಲಿಲ್ಲ. ಅಜ್ಜಿ ತೀರಿಕೊಂಡರು. ಮೇಡಂ ಐದು ದಿನ ರಜೆ ಹಾಕಿ, ಕಾರ್ಯ ಮುಗಿಸಿ, ಆರನೆಯ ದಿನ ಕೆಲಸಕ್ಕೆ ಹಾಜರಾದರು. ಸಂಜೆ ಹರಿಹರಕ್ಕೆ ಹೋಗಿ ಬೀಗ ತೆಗೆದರೆ ಬಾಗಿಲಿನ ಒಳಮೈ ಕೆಳಗಿನಿಂದ ಒಂದು ಮೊಳ ಸಿಗಿದುಹೋಗಿತ್ತು. ಕೆಂಚನ ಬಾಯಿ ತುಂಬ ಕಟ್ಟಿಗೆಯ ಸಿಬಿರು, ಒಸಡಿನಲ್ಲಿ ರಕ್ತ. ಮರುದಿನ ಪೊರಕೆ, ಅದರ ಮರುದಿನ ಎಡಗಾಲಿನ ಚಪ್ಪಲಿ, ಆಮೇಲೆ ಗ್ಯಾಸಿನ ಪುಸ್ತಕ, ಮೊರ, ಅಜ್ಜಿಯ ಕೌದಿಯ ಒಂದು ಮೂಲೆ. ಜೊತೆಗೆ ಬೆಳಗಿನಿಂದ ಸಂಜೆಯವರೆಗೆ ಊಳು.

ಮನೆ ಬಾಡಿಗೆಯದು. ಓನರ್ ಗಿರಣಿಯಲ್ಲಿ ದುಡಿದು ನಿವೃತ್ತರಾದವರು, ಹೆಂಡತಿ ಇಲ್ಲದ ಒಂಟಿ ಜೀವ, ಪಕ್ಕದ ಭಾಗದಲ್ಲೇ ವಾಸ. ಮೂರು ವಾರ ತಡೆದುಕೊಂಡರು. ನಾಲ್ಕನೆಯ ವಾರ ಬಂದು, "ಮೇಡಂ, ಆ ಬಾಗ್ಲು ನಮ್ಮಪ್ಪ ಮಾಡ್ಸಿದ್ದು, ಸಾಗವಾನಿ. ಯುಗಾದಿಯೊಳಗ ನಾಯಿ ಬಿಡ್ರಿ, ಇಲ್ಲ ಮನಿ ಬಿಡ್ರಿ" ಎಂದರಂತೆ. ಸಾರಥಿಯಿಂದ ಮೇಡಂ ಅವರ ಅಣ್ಣ ಬಂದು, ಅದನ್ನು ನನಗೆ ಕೊಡು, ಹೊಲದಲ್ಲಿ ಕಟ್ಟಿಹಾಕುತ್ತೇನೆ ಎಂದರು. ಇದನ್ನೆಲ್ಲ ಮೇಡಂ ನಮಗೆ ಸುತ್ತೋಲೆ ಓದಿದ ಹಾಗೆ ಓದಿ ಹೇಳಿದರು. ಕೊನೆಗೆ ಮಾತ್ರ ದನಿ ಸ್ವಲ್ಪ ತಗ್ಗಿತು. "ಅವ್ವ ಪಕ್ಕದಾಗೆ ಮಲಗಿಸ್ಕೊಂಡಿದ್ದನ್ನ ನಾನು ಹೊಲದಾಗೆ ಕಟ್ಲಾ?" ಎಂದರು.

ಮೊದಮೊದಲು ಅವರು ಕಚೇರಿಯ ಶಿಸ್ತನ್ನೇ ಮನೆಗೂ ತಂದರು. ಸಂಜೆ ಬಂದ ಕೂಡಲೇ ಕಡಿದ ಚಪ್ಪಲಿಯನ್ನು ಕೆಂಚನ ಮೂಗಿನ ಮುಂದೆ ಹಿಡಿದು ವಿಚಾರಣೆ. ಇದೇನು, ಯಾಕೆ ಮಾಡಿದೆ, ಇನ್ನು ಮುಂದೆ ಮಾಡುತ್ತೀಯಾ? ಕೆಂಚ ಕಿವಿ ಮಡಚಿ ತಲೆ ತಗ್ಗಿಸುತ್ತಿತ್ತು. ತಪ್ಪೊಪ್ಪಿಕೊಂಡಿತು ಎಂದು ಮೇಡಂ ತಿಳಿದರು. ಮರುದಿನ ಇನ್ನೊಂದು ಚಪ್ಪಲಿ. ಆಮೇಲೆ ಯಾರೋ ಹೇಳಿದರೆಂದು ಹಸಿಮೆಣಸಿನಕಾಯಿ ಅರೆದು ಬಾಗಿಲಿಗೆ ಬಳಿದರು. ಕೆಂಚ ಅದನ್ನು ನೆಕ್ಕಿ ಸ್ವಚ್ಛ ಮಾಡಿ, ಆಮೇಲೆ ಬಾಗಿಲು ತಿಂದಿತು. ಮಂಡಕ್ಕಿ ಜೊತೆ ಮೆಣಸಿನಕಾಯಿ ತಿನ್ನುವ ಸೀಮೆಯ ನಾಯಿ ಖಾರಕ್ಕೆ ಹೆದರುತ್ತದೆ ಎಂದುಕೊಂಡದ್ದು ನನ್ನದೇ ತಪ್ಪು ಎಂದು ಮೇಡಂ ನಗದೇ ಹೇಳಿದರು. ನಮ್ಮ ಅಟೆಂಡರ್ ನಂದಿಗುಡಿ ಕಡೆಯವನು. ಅವನು ಊರಿನಲ್ಲಿ ಯಾರಿಂದಲೋ ಮಂತ್ರಿಸಿದ ದಾರ ತಂದುಕೊಟ್ಟ. ದಾರ ಎಷ್ಟು ದಿನ ಉಳಿಯಿತು ಎಂದು ನಾನು ಕೇಳಿದ್ದಕ್ಕೆ, ಬಸ್ ಹತ್ತುವವರೆಗೂ ಇತ್ತು ಎಂದರು.

ಕೊನೆಗೆ ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ದಾವಣಗೆರೆಯ ಒಬ್ಬ ಪಶುವೈದ್ಯರ ಹತ್ತಿರ ಹೋದರು. ಸಣ್ಣ ವಯಸ್ಸಿನ ಡಾಕ್ಟರಮ್ಮ. ಮೇಡಂ ಪ್ರಶ್ನೆಗಳನ್ನು ಹಾಳೆಯಲ್ಲಿ ಅಂಕಿ ಹಾಕಿ ಬರೆದುಕೊಂಡು ಹೋಗಿದ್ದರು. ಆಕೆ ಹಾಳೆಯನ್ನು ಪಕ್ಕಕ್ಕಿಟ್ಟು, ಇದು ಕೊಬ್ಬಲ್ಲ, ಹೆದರಿಕೆ ಎಂದರಂತೆ. ಬಿಟ್ಟು ಹೋದವರು ಬರುವುದಿಲ್ಲ ಎಂದು ಅದು ತಿಳಿದುಕೊಂಡಿದೆ. ಒಬ್ಬರು ಹಾಗೆ ಹೋಗಿಯೂ ಇದ್ದಾರೆ. ಬೆಳಿಗ್ಗೆ ಕಡಿದದ್ದಕ್ಕೂ ಸಂಜೆ ನೀವು ಬೈಯುವುದಕ್ಕೂ ಅದಕ್ಕೆ ಸಂಬಂಧ ತಿಳಿಯುವುದಿಲ್ಲ. ಅದು ತಲೆ ತಗ್ಗಿಸುವುದು ತಪ್ಪಿಗಲ್ಲ, ನಿಮ್ಮ ಮುಖಕ್ಕೆ.

ಆ ದಿನ ಮೇಡಂ ವಾಪಸು ಬಂದು ಒಂದು ಗಂಟೆ ಯಾವ ಫೈಲನ್ನೂ ಮುಟ್ಟಲಿಲ್ಲ. ನಾನು ಒಂದು ಲಕೋಟೆ ಹಿಡಿದು ಹೋದಾಗ, "ತಪ್ಪಿಲ್ಲದವನಿಗೆ ತಿಂಗಳಾನುಗಟ್ಲೆ ಮೆಮೊ ಕೊಟ್ಟೀನಪ್ಪ" ಎಂದರು. ಅವರ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಲಕೋಟೆ ನೋಡಿ "ಸರಿ ಐತೆ" ಎಂದರು.

ಡಾಕ್ಟರಮ್ಮ ಇನ್ನೊಂದು ಪ್ರಶ್ನೆ ಕೇಳಿದ್ದರು. ಮನೆ ಬಿಡುವಾಗ ಏನೇನು ಮಾಡುತ್ತೀರಿ? ಮೇಡಂ ಲೆಕ್ಕ ಹಾಕಿದರೆ ಹನ್ನೊಂದು ಕೆಲಸ. ವಿಭೂತಿ ಹಚ್ಚುವುದು, ಗಡಿಯಾರ ಕಟ್ಟುವುದು, ಬುತ್ತಿ ಕಟ್ಟುವುದು, ಸಿಲಿಂಡರ್ ಬಂದ್ ಮಾಡುವುದು, ಹಿಂದಿನ ಕಿಟಕಿ ಹಾಕುವುದು, ಹೀಗೇ. ಕೊನೆಗೆ ದೇವರಿಗೆ ಹೋಗಿ ಬರ್ತೀನಿ, ಅವ್ವನ ಫೋಟೋಕ್ಕೆ ಹೋಗಿ ಬರ್ತೀನಿ, ಹೊಸ್ತಿಲ ಮೇಲೆ ನಿಂತು ಕೆಂಚನಿಗೆ ಹೋಗಿ ಬರ್ತೀನಿ, ಅಳಬ್ಯಾಡ, ಹುಷಾರು, ಬೇಗ ಬರ್ತೀನಿ. ವಿಭೂತಿಯ ಬಟ್ಟಲಿಗೆ ಅವರು ಕೈ ಹಾಕಿದ ಕೂಡಲೇ ಕೆಂಚ ನಡುಗಲು ಶುರು ಮಾಡುತ್ತಿತ್ತು. ಮುಕ್ಕಾಲು ಗಂಟೆ ನೀವೇ ಅದಕ್ಕೆ ಡಂಗುರ ಸಾರುತ್ತಿದ್ದೀರಿ ಎಂದರು ಡಾಕ್ಟರಮ್ಮ. ಹೇಳದೆ ಹೊರಡಿ. ಬಂದ ಮೇಲೂ ಐದು ನಿಮಿಷ ಅದರ ಮುಖ ನೋಡಬೇಡಿ. ಹೋಗುವುದೂ ಬರುವುದೂ ದೊಡ್ಡ ಸಂಗತಿಯೇ ಅಲ್ಲ ಎಂದು ಅದಕ್ಕೆ ಅನ್ನಿಸಬೇಕು.

ಹೇಳದೆ ಹೊರಡುವುದೆಂದರೆ ನಮ್ಮ ಕಡೆ ಆಗದ ಮಾತು. ಹೋಗಿ ಬರ್ತೀನಿ ಎನ್ನದೆ ಹೊಸ್ತಿಲು ದಾಟಿದವರನ್ನು ಹಿರಿಯರು ಬೀದಿಯಿಂದ ವಾಪಸು ಕರೆದು, ಕೂರಿಸಿ, ನೀರು ಕುಡಿಸಿ ಕಳಿಸುತ್ತಾರೆ. ಮೇಡಂ ಎರಡು ದಿನ ಯೋಚಿಸಿ ದಾರಿ ಕಂಡುಕೊಂಡರು. ಬೆಳಿಗ್ಗೆ ಐದೂವರೆಗೆ ಸ್ನಾನವಾದ ಕೂಡಲೇ ದೇವರಿಗೂ ಅವ್ವನ ಫೋಟೋಕ್ಕೂ ಮುಂಚಿತವಾಗಿ ಹೋಗಿ ಬರ್ತೀನಿ ಹೇಳಿ ಮುಗಿಸುವುದು. ಆಮೇಲೆ ಅಡುಗೆ, ಪೇಪರು, ಊಟ. ಎಂಟೂಕಾಲಿಗೆ ಯಾರಿಗೂ ಏನೂ ಹೇಳದೆ, ಕಸ ಚೆಲ್ಲಲು ಹೋದವರ ಹಾಗೆ ಹೊರಗೆ. ದೇವರಿಗೆ ಯಾವಾಗ ಹೇಳಿದರೇನು, ಅವನೇನು ಬಸ್ ಟೈಮ್ ನೋಡುತ್ತಾನೆಯೇ ಎಂದರು.

ಭಾನುವಾರಗಳಂದು ಇನ್ನೂ ಚೆಂದ. ವಿಭೂತಿ ಹಚ್ಚಿ, ಗಡಿಯಾರ ಕಟ್ಟಿ, ಬುತ್ತಿ ಚೀಲ ಹೆಗಲಿಗೆ ಹಾಕಿ, ಕೊಡೆ ಹಿಡಿದು, ಚಪ್ಪಲಿ ಮೆಟ್ಟಿ, ನಡುಮನೆಯ ಕುರ್ಚಿಯಲ್ಲಿ ಕೂತು ಪೇಪರ್ ಓದುವುದು. ಅದೆಲ್ಲ ಹೊರಡುವ ಗುರುತಲ್ಲ ಎಂದು ಕೆಂಚನಿಗೆ ತಿಳಿಯಲಿ ಎಂದು. ಕಿಟಕಿಯಿಂದ ನೋಡಿದ ಓನರ್, ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದ್ದಾರೆ. ಎಲ್ಲಿಗೂ ಇಲ್ಲ ಎಂದಿದ್ದಾರೆ ಇವರು. ಓನರ್ ಅಂದೇ ಸಾರಥಿಗೆ ಫೋನ್ ಮಾಡಿ, ನಿಮ್ಮ ತಂಗಿಯ ತಲೆ ಯಾಕೋ ಸರಿಯಿಲ್ಲ ಎಂದು ತಿಳಿಸಿದರು.

ಮುಂದಿನ ಹಂತಕ್ಕೆ ರಜೆ ಬೇಕಾಯಿತು. ಮೊದಲು ಅರ್ಧ ನಿಮಿಷ ಬಾಗಿಲಾಚೆ ನಿಲ್ಲಬೇಕು, ಆಮೇಲೆ ಒಂದು, ಆಮೇಲೆ ಮೂರು, ಹೀಗೆ ನಾಯಿಗೆ ಗೊತ್ತಾಗದ ಹಾಗೆ ಹೊತ್ತು ಬೆಳೆಸಬೇಕು. ನಡುವೆ ಇಡೀ ದಿನ ಬಿಟ್ಟು ಹೋದರೆ ಎಲ್ಲ ನೀರುಪಾಲು. ಮೇಡಂ ನಲವತ್ತೈದು ದಿನದ ಗಳಿಕೆ ರಜೆಗೆ ಅರ್ಜಿ ಬರೆದರು. ಕಾರಣದ ಕಾಲಮ್ಮಿನಲ್ಲಿ 'ನಾಯಿಗೆ ಒಂಟಿಯಾಗಿರಲು ಕಲಿಸುವ ಸಲುವಾಗಿ' ಎಂದಿತ್ತು. ಪ್ರಿನ್ಸಿಪಾಲರು ಮೂರು ಸಲ ಓದಿದರು.

"ಸ್ವಂತ ಕೆಲಸ ಅಂತ ಬರೀರಿ ಮೇಡಂ."

"ಸ್ವಂತದ್ದಲ್ಲ ಸರ್. ನಾಯಿದು."

ಪ್ರಿನ್ಸಿಪಾಲರು ಇನ್ನೇನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು. ರಜೆ ಮಂಜೂರಾಯಿತು. ಆ ಅರ್ಜಿ ಈಗಲೂ ಅವರ ಫೈಲಿನಲ್ಲಿದೆ, ಎಷ್ಟು ಆಡಿಟ್ ಬಂದರೂ ಯಾರೂ ಆಕ್ಷೇಪ ಎತ್ತಿಲ್ಲ.

ಅಲ್ಲಿ ಅವರು ನಾಯಿಗೆ ಕಲಿಸುತ್ತಿದ್ದಾಗ ಇಲ್ಲಿ ನನ್ನ ಪಾಡು ನಾಯಿಪಾಡು. ಮೊದಲ ದಿನವೇ ಹನ್ನೊಂದು ಸಲ ಫೋನ್ ಮಾಡಿದೆ. ಎರಡನೆಯ ದಿನ ಹನ್ನೆರಡು. ಒಂದು ಸಲವಂತೂ ಅವರು ಬಾಗಿಲಾಚೆ ಉಸಿರು ಬಿಗಿಹಿಡಿದು ನಿಂತಿದ್ದಾಗ ಫೋನ್ ಹೊಡೆದುಕೊಂಡು ಒಂದು ವಾರದ ಅಭ್ಯಾಸ ಕೆಟ್ಟಿತಂತೆ. ರಜೆ ಮುಗಿಸಿ ಬಂದ ದಿನ ಅವರು ನನ್ನ ಮೇಜಿನ ಹತ್ತಿರ ನಿಂತು ಪೆನ್ನಿನ ಡಬ್ಬಿ ನೋಡಿದರು. ಏಳು ಪೆನ್ನು. ಏಳರ ಮುಚ್ಚಳವೂ ಹಲ್ಲಿನಿಂದ ಜಜ್ಜಿಹೋಗಿತ್ತು. ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ವಾಪಸು ಇಟ್ಟರು.

ಕೆಂಚ ಕಲಿಯಿತು. ಆ ಅಭ್ಯಾಸಕ್ಕೆಂದು ಮೇಡಂ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ರಿಜಿಸ್ಟರ್ ಹಾಕಿದ್ದರು: ತಾರೀಖು, ಹೋದದ್ದು, ಬಂದದ್ದು, ನಷ್ಟ. ಅವರು ಹೊರಗಿದ್ದಾಗ ಒಳಗೆ ಸದ್ದಾಯಿತೇ ಎಂದು ಕೇಳಿಸಿಕೊಳ್ಳಲು ಒಬ್ಬರು ಬೇಕಿತ್ತು. ಓನರನ್ನೇ ನೇಮಿಸಿದರು. ಪಾಳಿಯ ಸೈರನ್ನಿಗೆ ಬದುಕು ಸವೆಸಿದ ಮನುಷ್ಯ, ಗಡಿಯಾರ ಕೈಗೆ ಸಿಕ್ಕಿದ್ದೇ ಖುಷಿ. ಗೋಡೆಗೆ ಕಿವಿ ಹಚ್ಚಿ ಕೂತು ನಿಮಿಷ ಗುರುತು ಹಾಕಿಕೊಳ್ಳುತ್ತಿದ್ದರು. ಮೇಡಂ ಕೆಲಸಕ್ಕೆ ಮರಳಿದ ಮೇಲೆ ಮಧ್ಯಾಹ್ನ ಬೀಗ ತೆಗೆದು ಕೆಂಚನನ್ನು ಒಂದು ಸುತ್ತು ತಿರುಗಿಸಿ ತರುವುದೂ ಅವರೇ. ಯುಗಾದಿಗೆ ಬಾಗಿಲು ಪರೀಕ್ಷೆ ಮಾಡಿದರು, ಹೊಸ ಹಲ್ಲಿನ ಗುರುತು ಇರಲಿಲ್ಲ. ಇರಲಿ ಬಿಡಿ, ಇಬ್ಬರೂ ಇರಿ ಎಂದರು. ಮೇಡಂ ಅದನ್ನು ಬರೆಸಿಕೊಂಡು ಸಹಿ ಹಾಕಿಸಿಕೊಂಡರು.

ಇದಾಗಿ ಎರಡು ವರ್ಷಕ್ಕೆ ಅವರ ನಿವೃತ್ತಿ. ಅದಕ್ಕೆ ಮೂರು ತಿಂಗಳಿದೆ ಎನ್ನುವಾಗ ಮೇಡಂ ಕುರ್ಚಿಯಿಂದ ಮಾಯವಾಗತೊಡಗಿದರು. ಚೀಲ ಮೇಜಿನ ಮೇಲೆ, ಕೊಡೆ ಕುರ್ಚಿಯ ಬೆನ್ನಿಗೆ, ಮನುಷ್ಯರು ಇಲ್ಲ. ಮೊದಲು ಹತ್ತು ನಿಮಿಷ, ಇನ್ನೊಂದು ದಿನ ಅರ್ಧ ಗಂಟೆ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಬಂದ ಮೇಲೆ ಎಲ್ಲಿಗೆ ಹೋಗಿದ್ದಿರಿ ಎಂದರೆ ಕೇಳಿಸದವರ ಹಾಗೆ ಫೈಲು ಬಿಚ್ಚುತ್ತಿದ್ದರು. ಆಮೇಲೆ ಅರ್ಧ ದಿನದ ರಜೆ, ಆಮೇಲೆ ಒಂದು ದಿನ, ಎರಡು ದಿನ. ಎದೆಯ ತೊಂದರೆ ಇರಬೇಕು, ಆಸ್ಪತ್ರೆಗೆ ಹೋಗುತ್ತಿದ್ದಾರೆ ಎಂದು ಅಟೆಂಡರ್ ಸುದ್ದಿ ಹಬ್ಬಿಸಿದ. ನಾನು ನಂಬಿದೆ. ಹೆದರಿಕೆಗೆ ಇನ್ನೊಂದು ಹೆದರಿಕೆ ಸೇರಿತು.

ಅಂಥ ಒಂದು ದಿನ ವಿಶ್ವವಿದ್ಯಾಲಯದಿಂದ ಪತ್ರ ಬಂತು, ಅಂದೇ ಉತ್ತರ ಹೋಗಬೇಕು. ಮೇಡಂ ಫೋನ್ ಎತ್ತುವುದಿಲ್ಲ ಎಂದು ಗೊತ್ತಿದ್ದರಿಂದ ಮಾಡಲಿಲ್ಲ. ಬೆವರು ಸುರಿಸಿ ನಾನೇ ಬರೆದು, ಪ್ರಿನ್ಸಿಪಾಲರ ಸಹಿ ಹಾಕಿಸಿ ಕಳಿಸಿದೆ. ಮರುದಿನ ಪ್ರತಿ ಹಿಡಿದು ಹದಿನಾರು ಹೆಜ್ಜೆ ನಡೆದು ನಿಂತೆ. ಆ ಎರಡು ಶಬ್ದ ಬೇಕಿತ್ತು. ಅವರು ಕಾಗದವನ್ನು ನೋಡಲೇ ಇಲ್ಲ.

"ಹೋಗೈತಲ್ಲ? ಮತ್ತೇನು ನೋಡೋದು?" ಎಂದರು.

ಇಷ್ಟು ವರ್ಷ ಅವರ ಹಿಂದೆ ತಿರುಗಿದವನಿಗೆ ಈ ಮಾತೇ ಎಂದು ನನಗೆ ಅಳು ಬರುವಷ್ಟು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಒಂದು ವಾರ ಅವರಿಗೆ ಏನನ್ನೂ ತೋರಿಸಲಿಲ್ಲ.

ಬೀಳ್ಕೊಡುಗೆ ಸಮಾರಂಭವನ್ನು ಅವರು ಹತ್ತು ದಿನ ಮೊದಲೇ ಮಾಡಿಸಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಆಯಿತು. ಮರುದಿನ ಒಂಬತ್ತೂವರೆಗೆ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಕೂತರು. ಸನ್ಮಾನ ಮುಗಿದ ಮೇಲೂ ಕೆಲಸ ಮಾಡುವವರನ್ನು ಈಗಲೇ ನೋಡುತ್ತಿರುವುದು ಎಂದು ಪ್ರಿನ್ಸಿಪಾಲರು ಗೊಣಗಿದರು. ಕಡೆಯ ದಿನ ಸಂಜೆ ಐದೂವರೆಗೆ ಎದ್ದರು, ಚೀಲ ತೆಗೆದುಕೊಂಡರು, ಹೋದರು. ನನ್ನ ಕಡೆ ತಿರುಗಲಿಲ್ಲ, ಹೋಗಿ ಬರ್ತೀನಿ ಎನ್ನಲಿಲ್ಲ. ಕ್ಯಾಂಟೀನಿಗೆ ಹೋಗಿರಬೇಕೆಂದು ನಾನು ಆರು ಗಂಟೆಯವರೆಗೆ ಕೂತಿದ್ದೆ.

ಮೂರು ವಾರ ಬಿಟ್ಟು ಒಂದು ಭಾನುವಾರ ಹರಿಹರಕ್ಕೆ ಹೋದೆ. ಬೈಕಿನ ಮೇಲೆ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಬಹುಪಾಲು ಜಗಳದ ಮಾತು. ಬಾಗಿಲು ತೆಗೆದವರು ನನ್ನ ಮುಖ ನೋಡದೆ ತಿರುಗಿ ಅಡುಗೆಮನೆಗೆ ಹೋಗಿಬಿಟ್ಟರು. ಪಾತ್ರೆ ತೊಳೆಯುವ ಸದ್ದು ಬರತೊಡಗಿತು. ಕೆಂಚ ಒಂದು ಸಲ ನನ್ನ ಕಾಲು ಮೂಸಿ, ಪಕ್ಕದಲ್ಲಿ ಮಲಗಿತು. ಗೋಡೆಯ ಗಡಿಯಾರ ನೋಡುತ್ತಾ ಕೂತೆ. ಕೂತಲ್ಲೇ ಸಿಟ್ಟು ಇಳಿಯಿತು. ಸರಿಯಾಗಿ ಐದು ನಿಮಿಷಕ್ಕೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಆಗ ನನಗೆ ಎಲ್ಲವೂ ಒಟ್ಟಿಗೇ ಹೊಳೆಯಿತು. ಮೀಸೆ ಇದ್ದವನು ನಾಚಿಕೆಯಿಂದ ನೆಲ ನೋಡಿದೆ.

"ನನಗೆ ಫೋನ್ ಮಾಡಿ ಎಷ್ಟು ದಿನ ಆತು?" ಎಂದರು.

"ಒಂಬತ್ತು ದಿನ ಮೇಡಂ."

"ಹೂಂ. ಚಾ ಕುಡಿ."

ಮೊಳೆಗೆ ನೇತುಹಾಕಿದ್ದ ಆ ರಿಜಿಸ್ಟರನ್ನು ತೆಗೆದು ಮುಂದಿಟ್ಟರು. ಕೆಂಚನ ಪುಟಗಳು ಮುಗಿದ ಮೇಲೆ ನನ್ನವು. ಹತ್ತು ನಿಮಿಷ, ನಷ್ಟ: ಫೋನ್ ನಾಲ್ಕು, ಮುಚ್ಚಳ ಒಂದು. ಅರ್ಧ ದಿನ, ನಷ್ಟ: ಫೋನ್ ಎರಡು. ವಿಶ್ವವಿದ್ಯಾಲಯದ ಪತ್ರ ಹೋದ ದಿನ, ನಷ್ಟ: ಒಂದು ಗೆರೆ. ಕೊನೆಯ ಸಾಲು ಅವರ ನಿವೃತ್ತಿಯ ದಿನದ್ದು. ಹೋದದ್ದು, ಐದೂವರೆ. ಬಂದದ್ದು, ಖಾಲಿ.

"ಕಾಲಂ ಖಾಲಿ ಐತೆ ಮೇಡಂ" ಎಂದೆ.

"ಇರ್ಲಿ" ಎಂದರು.

ಆಮೇಲೆ ನಾಲ್ಕು ವರ್ಷ ನಾನು ಆ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದೆ, ಮಾಡುತ್ತಿದ್ದೇನೆ. ಪೆನ್ನುಗಳು ಚೆನ್ನಾಗಿವೆ.

ಹೋದ ತಿಂಗಳು ಒಂದು ಬೆಳಿಗ್ಗೆ ಮೇಡಂ ಸ್ನಾನ, ಪೂಜೆ ಮುಗಿಸಿ ಕುರ್ಚಿಯಲ್ಲಿ ಪೇಪರ್ ಓದುತ್ತಾ ಕೂತವರು ಹಾಗೇ ಹೋಗಿಬಿಟ್ಟರು. ಮಣ್ಣು ಸಾರಥಿಯಲ್ಲಾಯಿತು.

ಒಂದು ವಾರದ ಮೇಲೆ ಹರಿಹರದ ಮನೆಗೆ ಹೋದೆ. ಕೆಂಚ ಈಗ ಓನರ್ ಹತ್ತಿರ ಇದೆ. ಸಾರಥಿಯ ಅಣ್ಣ ಕರೆದೊಯ್ಯುತ್ತೇನೆ ಎಂದಿದ್ದಕ್ಕೆ ಅವರು ಬಿಡಲಿಲ್ಲವಂತೆ. ಮೇಡಂ ಅವರನ್ನು ಹೊರಗೆ ಒಯ್ದಾಗ ನಾಯಿ ಬಹಳ ಅತ್ತಿತೇ ಎಂದು ಕೇಳಿದೆ.

"ಸದ್ದೇ ಮಾಡ್ಲಿಲ್ರಿ" ಎಂದರು ಓನರ್. "ನಾನು ಗಡಿಯಾರ ಹಿಡ್ಕೊಂಡು ಕೂತಿದ್ದೆ. ಬಾಗ್ಲ ಕಡೆ ಮುಖ ಮಾಡಿ ಸುಮ್ನೆ ಮಲಗೈತೆ. ಈಗ್ಲೂ ದಿನಾ ಹಂಗೇ. ಹೋದೋರು ಬರ್ತಾರೆ ಅಂತ ಅದಕ್ಕೆ ಗೊತ್ತಲ್ರಿ."

ಅಷ್ಟರಲ್ಲಿ ಕೆಂಚ ನನ್ನನ್ನು ಕಂಡು ಎದ್ದು ಬಂತು. ವಯಸ್ಸಾಗಿದೆ, ಆದರೂ ಕುಣಿಯತೊಡಗಿತು, ಕುಂಯ್‌ಗುಟ್ಟಿತು, ಮೈಮೇಲೆ ಹಾರಿತು. ನಾನು ಮೇಡಂ ಕಲಿಸಿದ ಹಾಗೆ ಮುಖ ತಿರುಗಿಸಿ ಗೋಡೆ ನೋಡುತ್ತಾ ನಿಂತೆ. ಓನರ್ ತಾವಾಗಿಯೇ ಗಡಿಯಾರ ಹಿಡಿದರು. ಸ್ವಲ್ಪ ಹೊತ್ತಿಗೆ ಹಿಂದಿನ ಸದ್ದು ನಿಂತಿತು.

"ಐದು ಆತ್ರಿ. ನಾಯಿ ಸುಮ್ಮನಾತು, ಇನ್ನ ತಿರುಗ್ರಿ" ಎಂದರು.

ನಾನು ಗೋಡೆಯ ಕಡೆಯೇ ನಿಂತು, ಇನ್ನೊಂದು ಐದು ನಿಮಿಷ ಕೊಡಿ ಎಂದೆ.